ಮೊದಲು ಭಾವನೆಗೆ ಹೆಸರು, ಆಮೇಲೆ ಕೆಲಸದ ಪಟ್ಟಿ: ಸಾಂಕ್ರಾಮಿಕದ ದಿನಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. ಕೆಲವೇ ವಾರಗಳಲ್ಲಿ ಎಷ್ಟೋ ಜನರಿಗೆ ಊಟದ ಮೇಜೇ ಕಚೇರಿಯಾಯಿತು. ಇನ್ನೆಷ್ಟೋ ಜನ ಮಾಸ್ಕ್ ಹಾಕಿಕೊಂಡು ಆಸ್ಪತ್ರೆ, ಅಂಗಡಿ, ಕಾರ್ಖಾನೆಗೆ ಹೋಗುತ್ತಲೇ ಇದ್ದರು. ಎರಡೂ ಕಡೆಯಿಂದ ಕೇಳಿಬಂದ ದೂರು ಒಂದೇ: ‘ಮೊದಲಿನಷ್ಟೇ ಹೊತ್ತು ಕೂರುತ್ತೇನೆ, ಅರ್ಧ ಕೆಲಸವೂ ಮುಗಿಯುವುದಿಲ್ಲ.’

ಇದಕ್ಕೆ ಸೋಮಾರಿತನ ಕಾರಣವಲ್ಲ. ಲೆಕ್ಕ ಮಾಡುವಾಗ, ಪತ್ರ ಬರೆಯುವಾಗ, ಯಂತ್ರ ನಡೆಸುವಾಗ ಆ ಹೊತ್ತಿನ ವಿವರಗಳನ್ನು ಮನಸ್ಸು ಒಂದು ಸಣ್ಣ ಜಾಗದಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಚಿಂತೆ ಬಂದು ಕೂರುವುದೂ ಅದೇ ಜಾಗದಲ್ಲಿ. ಅಮ್ಮನ ಕೆಮ್ಮು, ಮುಂದಿನ ತಿಂಗಳ ಸಂಬಳ, ಮಕ್ಕಳ ಆನ್‌ಲೈನ್ ಕ್ಲಾಸು ಅಲ್ಲಿ ತುಂಬಿಕೊಂಡ ಮೇಲೆ ಕೆಲಸಕ್ಕೆ ಉಳಿಯುವುದು ಅಂಚು ಮಾತ್ರ.

ಹೆಚ್ಚಿನವರು ಪರಿಹಾರ ಹುಡುಕುವ ಕ್ರಮವೇ ತಿರುವುಮುರುವು. ಮೊದಲು ಹೊಸ ಟೈಮ್‌ಟೇಬಲ್. ಅದು ಮೂರು ದಿನಕ್ಕೆ ಮುರಿದುಬಿದ್ದರೆ ಉಸಿರಾಟದ ಆ್ಯಪ್. ಅದೂ ಹಿಡಿಸದಿದ್ದರೆ ‘ನನ್ನಿಂದಾಗದು’ ಎಂಬ ತೀರ್ಮಾನ. ಇಲ್ಲಿ ಹೇಳುವ ಕ್ರಮ ಬೇರೆ: ಮೊದಲು ಭಾವನೆಯನ್ನು ಗುರುತಿಸುವುದು, ಆಮೇಲೆ ಒತ್ತಡವನ್ನು ವಿಂಗಡಿಸುವುದು, ಆಮೇಲೆ ಮೈ, ಕೊನೆಗೆ ಕೆಲಸ. ಒಟ್ಟು 4 ವಾರ ಬೇಕು. ಬೇಕಾದ ಸಾಮಾನು ಒಂದು ನೋಟ್‌ಬುಕ್, ಒಂದು ಪೆನ್ನು.

‘ಭಾವನಾತ್ಮಕ ಬುದ್ಧಿಮತ್ತೆ’ ಎಂದರೆ ಇಲ್ಲಿ ಏನು

ಈ ಪರಿಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟವರು ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್, 1990ರಲ್ಲಿ. ಅವರ ಪ್ರಕಾರ ಇದರಲ್ಲಿ ನಾಲ್ಕು ಕೌಶಲಗಳಿವೆ: ತನ್ನಲ್ಲೂ ಇತರರಲ್ಲೂ ಭಾವನೆಯನ್ನು ಗುರುತಿಸುವುದು, ಅದನ್ನು ಯೋಚನೆಗೆ ಬಳಸಿಕೊಳ್ಳುವುದು, ಅದು ಎಲ್ಲಿಂದ ಬಂತು, ಎತ್ತ ಹೊರಳುತ್ತದೆ ಎಂದು ಅರ್ಥ ಮಾಡಿಕೊಳ್ಳುವುದು, ಅದನ್ನು ನಿಭಾಯಿಸುವುದು. 1995ರಲ್ಲಿ ಲೇಖಕ ಡೇನಿಯಲ್ ಗೋಲ್‌ಮನ್ ಇದನ್ನು ಮನೆಮಾತಾಗಿಸಿದರು. ಆಮೇಲೆ ತರಬೇತಿ ಕಂಪನಿಗಳು ಇದಕ್ಕೆ ಅಂಟಿಸಿದ ಉತ್ಪ್ರೇಕ್ಷೆಗಳನ್ನೆಲ್ಲ ನಂಬಬೇಕಿಲ್ಲ. ಯಾವಾಗಲೂ ನಗುತ್ತಿರುವುದು, ಯಾರಿಗೂ ‘ಇಲ್ಲ’ ಎನ್ನದಿರುವುದು ಭಾವನಾತ್ಮಕ ಬುದ್ಧಿಮತ್ತೆಯಲ್ಲ. ಎಷ್ಟೋ ಸಲ ಅದು ಇಲ್ಲದಿರುವುದರ ಲಕ್ಷಣ.

ಹಂತ 1: ಏಳು ದಿನ ಬರೀ ಗುರುತು ಹಾಕಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ದಿನಕ್ಕೆ ಮೂರು ಸಲ, ಕೆಲಸ ಶುರುಮಾಡುವ ಮುನ್ನ, ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ಒಂದು ಸಾಲು ಬರೆಯಿರಿ. ಒಂದು ನಿಮಿಷ ಸಾಕು. ಸಾಲಿನಲ್ಲಿ ಐದು ಅಂಶ ಇರಲಿ: ಗಂಟೆ, ಮೈಯಲ್ಲಿ ಏನಾಗುತ್ತಿದೆ, ಭಾವನೆಯ ಹೆಸರು, 0ರಿಂದ 10ರವರೆಗೆ ಅದರ ತೀವ್ರತೆ, ಸ್ವಲ್ಪ ಮುಂಚೆ ಏನು ನಡೆಯಿತು. ಉದಾಹರಣೆಗೆ: ‘11.40, ಭುಜ ಬಿಗಿ, ಕಿರಿಕಿರಿ, 6, ಒಂದೇ ವಿಷಯಕ್ಕೆ ಮೂರನೇ ಮೀಟಿಂಗ್.’

ಒಂದು ಕಟ್ಟುನಿಟ್ಟು: ‘ಟೆನ್ಶನ್’ ಎಂಬ ಪದ ಬರೆಯುವಂತಿಲ್ಲ. ‘ಬೇಜಾರು’ ಕೂಡ. ಇವೆರಡೂ ಕಂಡದ್ದನ್ನೆಲ್ಲ ತುಂಬುವ ಗೋಣಿಚೀಲಗಳು. ಭಯ, ಆತಂಕ, ಸಿಟ್ಟು, ಕಿರಿಕಿರಿ, ದುಃಖ, ಒಂಟಿತನ, ಅಸಹಾಯಕತೆ, ನಾಚಿಕೆ, ತಪ್ಪಿತಸ್ಥ ಭಾವ, ಹೊಟ್ಟೆಕಿಚ್ಚು, ಜಿಗುಪ್ಸೆ, ಇವುಗಳಲ್ಲಿ ಯಾವುದು ಎಂದು ಹುಡುಕಿ. ಭಯಕ್ಕೆ ಕಣ್ಣೆದುರು ಒಂದು ವಸ್ತು ಇರುತ್ತದೆ: ಪಕ್ಕದಲ್ಲಿ ಕೆಮ್ಮುತ್ತಿರುವವರು. ಆತಂಕಕ್ಕೆ ಇರುವುದು ‘ಅಕಸ್ಮಾತ್’ ಮಾತ್ರ. ಭಯಕ್ಕೆ ಮದ್ದು ದೂರ ಸರಿಯುವುದು, ಆತಂಕಕ್ಕೆ ಅದು ನಾಟುವುದಿಲ್ಲ. ಮನೆಯಿಂದ ಕೆಲಸ ಮಾಡುವವರಲ್ಲಿ ‘ಟೆನ್ಶನ್’ ಎಂಬ ಮುಸುಕಿನ ಹಿಂದೆ ಬಹಳ ಸಲ ಅಡಗಿರುವುದು ತಪ್ಪಿತಸ್ಥ ಭಾವ. ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ಗದರಿದ್ದಕ್ಕೆ, ಮಕ್ಕಳ ಹೊತ್ತಿನಲ್ಲಿ ಮೇಲ್ ನೋಡಿದ್ದಕ್ಕೆ.

ಹೆಸರಿಟ್ಟರೆ ಏನು ಬಂತು ಎನ್ನುವವರಿಗೆ: 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಬಳಸಿ ಪರೀಕ್ಷಿಸಿದರು. ಚಿತ್ರದಲ್ಲಿನ ಮುಖದ ಭಾವಕ್ಕೆ ಪದ ಹುಡುಕಿ ಹೆಸರಿಸುವಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿನ ಮಿದುಳಿನ ಒಂದು ಭಾಗದ ಚಟುವಟಿಕೆ ಏರಿತು.

ಇಲ್ಲಿ ಎಡವುವುದು ಮೂರು ಕಡೆ. ಮೂರು ಸಾಲನ್ನೂ ರಾತ್ರಿ ಒಟ್ಟಿಗೆ ಬರೆದರೆ ದಿನವಿಡೀ ಇದ್ದುದರ ಬದಲು ಮಲಗುವ ಹೊತ್ತಿನ ಆಯಾಸವೇ ಮೂರು ಸಲ ದಾಖಲಾಗುತ್ತದೆ. ಒಂದು ಸಾಲು ಎರಡು ಪುಟವಾದರೆ ಗುರುತು ಹಾಕುವುದು ಹೋಗಿ ಕೊರಗು ಶುರುವಾಗುತ್ತದೆ. ಇನ್ನು ‘ಮ್ಯಾನೇಜರ್ ಸರಿಯಿಲ್ಲ’ ಎಂಬುದು ತೀರ್ಪು, ಭಾವನೆಯಲ್ಲ. ಅದರ ಕೆಳಗೆ ಕೆದಕಿದರೆ ‘ನನ್ನ ಮಾತಿಗೆ ಬೆಲೆಯಿಲ್ಲ ಎಂಬ ಅವಮಾನ, 7’ ಎಂದೇನಾದರೂ ಸಿಗುತ್ತದೆ. ಬರೆಯಬೇಕಾದ್ದು ಅದನ್ನು.

ಹಂತ 2: ಕೈಲಿರುವುದು, ಕೈಮೀರಿದ್ದು

ದಿನಕ್ಕೆ ಮೂರು ಸಾಲು ಬರೆಯುವುದನ್ನು ನಾಲ್ಕೂ ವಾರ ನಿಲ್ಲಿಸಬೇಡಿ. ಮೊದಲ ಏಳು ದಿನದ ಸಾಲುಗಳಿಂದ ಪದೇಪದೇ ಬಂದ ಕಾರಣಗಳನ್ನು ಒಂದು ಹಾಳೆಗೆ ಇಳಿಸಿ. ಸಾಮಾನ್ಯವಾಗಿ 8ರಿಂದ 12 ಸಿಗುತ್ತವೆ. ಪಕ್ಕದಲ್ಲಿ ಎರಡು ಅಂಕಣ ಮಾಡಿ: ‘ನಾನು ಬದಲಾಯಿಸಬಲ್ಲೆ’, ‘ನಾನು ತಾಳಿಕೊಳ್ಳಬೇಕು’.

ಈ ವಿಂಗಡಣೆಯ ಹಿಂದೆ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಮಂಡಿಸಿದ ವಿಚಾರವಿದೆ. ಒತ್ತಡ ಘಟನೆಯೊಂದರಿಂದಲೇ ಹುಟ್ಟುವುದಿಲ್ಲ. ‘ಇದರಿಂದ ನನಗೆ ಅಪಾಯವೇ?’ ಮತ್ತು ‘ಎದುರಿಸಲು ನನ್ನ ಬಳಿ ಏನಿದೆ?’ ಎಂಬ ಎರಡು ಪ್ರಶ್ನೆಗಳಿಗೆ ಮನಸ್ಸು ಕೊಟ್ಟುಕೊಳ್ಳುವ ಉತ್ತರದಿಂದ ಹುಟ್ಟುತ್ತದೆ. ಹಾಗೆಯೇ ನಿಭಾಯಿಸುವ ದಾರಿಯೂ ಎರಡು: ಸಮಸ್ಯೆಗೆ ಕೈಹಾಕುವುದು, ಅದು ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು. ಕೈಲಿರುವ ಸಮಸ್ಯೆಗೆ ಧ್ಯಾನ ಮಾಡುತ್ತ ಕೂತರೆ ಅದು ಬೆಳೆಯುತ್ತದೆ. ಕೈಮೀರಿದ್ದಕ್ಕೆ ಹಗಲಿರುಳು ಯೋಜನೆ ಹಾಕಿದರೆ ನೀವು ಸವೆಯುತ್ತೀರಿ. ಬಳಲುವವರಲ್ಲಿ ಬಹುತೇಕರು ಮಾಡುತ್ತಿರುವುದು ಈ ಅದಲುಬದಲು.

ಸಾಂಕ್ರಾಮಿಕದಲ್ಲಿ ಕಷ್ಟವೇನೆಂದರೆ ಯಾವ ಚಿಂತೆಯೂ ಒಂದೇ ಅಂಕಣಕ್ಕೆ ನೆಟ್ಟಗೆ ಹೋಗುವುದಿಲ್ಲ. ಆಗ ಚಿಂತೆಯನ್ನು ಸೀಳಬೇಕು. ‘ಸೋಂಕು ತಗಲಿಬಿಟ್ಟರೆ?’ ಎಂಬುದನ್ನು ಸೀಳಿದರೆ ಸರಿಯಾಗಿ ಕೂರುವ ಮಾಸ್ಕ್, ಕಿಟಕಿ ತೆರೆದಿಡುವುದು, ಲಸಿಕೆ, ಹುಷಾರಿಲ್ಲದ ದಿನ ರಜೆ ಹಾಕುವುದು ಮೊದಲ ಅಂಕಣಕ್ಕೆ. ಎದುರು ಬಂದವರು ಮಾಸ್ಕ್ ಹಾಕಿದ್ದಾರೋ ಇಲ್ಲವೋ ಎಂಬುದು ಎರಡನೆಯದಕ್ಕೆ. ‘ಕೆಲಸ ಹೋದರೆ?’ ಎಂಬುದನ್ನು ಸೀಳಿದರೆ ಉಳಿತಾಯ ಎಷ್ಟು ತಿಂಗಳ ಖರ್ಚಿಗೆ ಬರುತ್ತದೆ ಎಂಬ ಲೆಕ್ಕ, ರೆಸ್ಯೂಮೆ ತಿದ್ದುವುದು, ಮೂವರು ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡುವುದು ನಿಮ್ಮ ಕೈಲಿ. ಕಂಪನಿಯ ನಿರ್ಧಾರ ಕೈಮೀರಿದ್ದು. ಪ್ರತಿ ಚೂರೂ ಒಂದು ಅಂಕಣಕ್ಕೆ ಸೇರುವವರೆಗೂ ಸೀಳುತ್ತ ಹೋಗಿ. ಮೊದಲ ಅಂಕಣದ ಪ್ರತಿ ಚೂರಿಗೆ ಒಂದು ದಿನಾಂಕ ಬರೆಯಿರಿ. ದಿನಾಂಕವಿಲ್ಲದ್ದು ಚಿಂತೆಯಾಗಿಯೇ ಉಳಿಯುತ್ತದೆ.

ಎರಡನೇ ಅಂಕಣಕ್ಕೆ ಬೇಕಾದ್ದು ‘ಚಿಂತೆಯ ಹೊತ್ತು’. ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಈ ವಿಧಾನ ನೋಡಲು ತಮಾಷೆಯಂತಿದ್ದರೂ ಕೆಲಸ ಮಾಡುತ್ತದೆ. ದಿನವೂ ಒಂದೇ ಜಾಗ, ಒಂದೇ ಸಮಯ, ಅರ್ಧ ಗಂಟೆ. ಹಗಲಲ್ಲಿ ಚಿಂತೆ ಬಂದರೆ ಎರಡು ಪದದಲ್ಲಿ ಚೀಟಿಗೆ ಬರೆದು ‘ಸಂಜೆ ಆರಕ್ಕೆ ನೋಡೋಣ’ ಎಂದು ಮುಂದೂಡಿ. ಆರಕ್ಕೆ ಕೂತು, ಬೇಕಾದಷ್ಟು ಚಿಂತಿಸಿ, ಗಡಿಯಾರ ಬಡಿದೊಡನೆ ಎದ್ದುಬಿಡಿ. ಚೀಟಿಯಲ್ಲಿರುವ ಅರ್ಧ ಚಿಂತೆಗಳು ಆ ಹೊತ್ತಿಗೆ ಸಪ್ಪೆಯಾಗಿರುತ್ತವೆ. ಹಾಸಿಗೆಯ ಮೇಲೆ ಕೂತು ಇದನ್ನು ಮಾಡಬೇಡಿ. ಮಲಗುವ ಮುಂಚಿನ ಎರಡು ಗಂಟೆಯೂ ಬೇಡ, ಇಲ್ಲದಿದ್ದರೆ ಮನಸ್ಸು ಹಾಸಿಗೆಗೂ ಚಿಂತೆಗೂ ನಂಟು ಹಾಕಿಬಿಡುತ್ತದೆ. ಸುದ್ದಿಗೂ ಇದೇ ಬೇಲಿ ಹಾಕಿ: ದಿನಕ್ಕೆ ಎರಡು ಸಲ, ತಲಾ 15 ನಿಮಿಷ. ಸೋಂಕಿತರ ಸಂಖ್ಯೆಯನ್ನು ಗಂಟೆಗೊಮ್ಮೆ ನೋಡಿದರೆ ಅದು ಇಳಿಯುವುದಿಲ್ಲ.

ಹಂತ 3: ಮೈಯನ್ನು ತಣಿಸುವುದು

ತೀವ್ರತೆ 7 ದಾಟಿದಾಗ ತರ್ಕ ತಲೆಗೆ ಹೋಗುವುದಿಲ್ಲ. ಅಡ್ರಿನಲಿನ್ ಏರಿ ಎದೆ ಬಡಿಯುತ್ತಿರುವಾಗ ‘ಸಮಾಧಾನ ಮಾಡಿಕೋ’ ಎಂದುಕೊಂಡರೆ ಸಿಟ್ಟು ಇನ್ನಷ್ಟೇರುತ್ತದೆ. ಮೊದಲು ಉಸಿರು. ಬೆನ್ನಿಗೆ ಆಸರೆ ಕೊಟ್ಟು ಕೂತು, ಒಂದು ಕೈ ಹೊಟ್ಟೆಯ ಮೇಲಿಡಿ. ಸೆಕೆಂಡಿಗೆ ಒಂದರಂತೆ ಎಣಿಸುತ್ತ, ಮೂಗಿನಿಂದ 4 ಎಣಿಸುವಷ್ಟು ಹೊತ್ತು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. 5 ನಿಮಿಷ ಮಾಡಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಅದಕ್ಕೇ ಹೊರಹೋಗುವ ಉಸಿರು ಉದ್ದವಿರಬೇಕು.

ಇಲ್ಲಿ ಆಗುವ ತಪ್ಪು, ‘ದೀರ್ಘವಾಗಿ’ ಎಂದರೆ ‘ಜೋರಾಗಿ’ ಎಂದು ತಿಳಿಯುವುದು. ದೊಡ್ಡ ದೊಡ್ಡ ಉಸಿರನ್ನು ಬೇಗಬೇಗ ಎಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರಾ ಇಳಿದು ತಲೆಸುತ್ತು, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ. ಅದನ್ನೇ ಜನ ಕಾಯಿಲೆಯೆಂದು ಹೆದರುತ್ತಾರೆ. ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಜ್ವರ, ಕೆಮ್ಮಿನ ಜೊತೆ ಏದುಸಿರು ಬರುತ್ತಿದ್ದರೆ ಅದನ್ನು ಆತಂಕವೆಂದು ತಳ್ಳಿಹಾಕಿ ಉಸಿರಾಟದ ಅಭ್ಯಾಸಕ್ಕೆ ಕೂರಬೇಡಿ, ವೈದ್ಯರನ್ನು ಕಾಣಿ.

ಮೈ ತಣಿದ ಮೇಲೆ ಯೋಚನೆಯನ್ನು ತಿರುಗಿಸಿ ನೋಡಬಹುದು. ಜೇಮ್ಸ್ ಗ್ರಾಸ್ ಅವರ ಸಂಶೋಧನೆ ಎರಡು ವಿಧಾನಗಳನ್ನು ಎದುರುಬದುರು ಇಡುತ್ತದೆ. ಭಾವನೆಯನ್ನು ಅದುಮಿಟ್ಟರೆ ಮುಖ ಶಾಂತವಾಗಿ ಕಾಣುತ್ತದೆ, ಒಳಗಿನ ಕುದಿ ಇಳಿಯುವುದಿಲ್ಲ, ನೆನಪಿನ ಶಕ್ತಿಯ ಒಂದಿಷ್ಟು ಪಾಲೂ ಅದಕ್ಕೇ ಖರ್ಚಾಗುತ್ತದೆ. ಘಟನೆಗೆ ಬೇರೆ ಅರ್ಥ ಹುಡುಕಿದರೆ ಕುದಿಯೇ ಇಳಿಯುತ್ತದೆ. ಮಾಡುವ ಬಗೆ ಹೀಗೆ: ಯೋಚನೆಯನ್ನು ಇದ್ದಂತೆ ಬರೆಯಿರಿ, ‘ಬಾಸ್ ಉತ್ತರ ಕೊಟ್ಟಿಲ್ಲ, ನನ್ನನ್ನು ತೆಗೆಯುತ್ತಾರೆ’. ಅದಕ್ಕಿರುವ ಪುರಾವೆ ಬರೆಯಿರಿ. ಅದೇ ಪುರಾವೆಗೆ ಹೊಂದುವ ಇನ್ನೆರಡು ವಿವರಣೆ ಬರೆಯಿರಿ, ಅವರ ಮನೆಯಲ್ಲೂ ಯಾರಿಗೋ ಹುಷಾರಿಲ್ಲದಿರಬಹುದು ಎಂಬುದೂ ಸೇರಿ. ‘ಎಲ್ಲ ಒಳ್ಳೆಯದೇ ಆಗುತ್ತದೆ’ ಎಂದು ಬರೆಯಬೇಡಿ. ಮನಸ್ಸು ಅಷ್ಟು ದಡ್ಡನಲ್ಲ.

ಹಂತ 4: ಕೆಲಸದ ಲೆಕ್ಕವನ್ನು ಮರುಹಾಕುವುದು

‘ಸ್ವಲ್ಪ ಒತ್ತಡವಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ’ ಎಂದು ಮೇಲಧಿಕಾರಿಗಳು ಹೇಳುವ ಮಾತಿಗೆ ಬೇರು 1908ರ ಯರ್ಕಿಸ್ ಮತ್ತು ಡಾಡ್ಸನ್ ಪ್ರಯೋಗ. ಅದು ಇಲಿಗಳ ಮೇಲೆ ನಡೆದದ್ದು. ಅದರ ಇನ್ನರ್ಧ ಭಾಗವನ್ನು ಯಾರೂ ಹೇಳುವುದಿಲ್ಲ: ಕೆಲಸ ಕಠಿಣವಾದಷ್ಟೂ ತಡೆದುಕೊಳ್ಳಬಲ್ಲ ಪ್ರಚೋದನೆ ಕಡಿಮೆ. ಪಿಡುಗಿನ ದಿನಗಳಲ್ಲಿ ಒತ್ತಡ ಕೆಲಸಕ್ಕೆ ಕೂರುವ ಮೊದಲೇ ತುಂಬಿ ಬಂದಿರುತ್ತದೆ. ಮೇಲಿಂದ ಸುರಿಯಲು ಜಾಗವಿಲ್ಲ.

ಈ ಹಂತದ ಮೊದಲ ಎರಡು ವಾರ, ಮಾಮೂಲಿ ದಿನದಲ್ಲಿ ಮುಗಿಸುತ್ತಿದ್ದುದರಲ್ಲಿ ನೂರಕ್ಕೆ 60 ಭಾಗದಷ್ಟನ್ನು ಮಾತ್ರ ಪಟ್ಟಿ ಮಾಡಿ. ಇದು ಅಂದಾಜಿನ ಅಳತೆ. ಮುಗಿದರೆ ಮುಂದಿನ ವಾರ ಹತ್ತು ಭಾಗ ಏರಿಸಿ, ಮುಗಿಯದಿದ್ದರೆ ಇಳಿಸಿ. ಪಟ್ಟಿಯಲ್ಲಿ ದಿನಕ್ಕೆ ಒಂದು ದೊಡ್ಡ ಕೆಲಸ, ಎರಡು ಮಧ್ಯಮ ಕೆಲಸ, ಉಳಿದದ್ದು ಚಿಲ್ಲರೆ. ದೊಡ್ಡದನ್ನು ಎಲ್ಲಿಡಬೇಕು? ನೋಟ್‌ಬುಕ್ಕಿನಲ್ಲಿ ತೀವ್ರತೆ ಅತಿ ಕಡಿಮೆ ಇದ್ದ ಹೊತ್ತಿನಲ್ಲಿ. ಅದು ಬೆಳಗ್ಗೆ ಆರಿರಬಹುದು, ಮಕ್ಕಳು ಮಲಗಿದ ಮೇಲಿನ ಒಂಬತ್ತಿರಬಹುದು. 45 ನಿಮಿಷ ಕೆಲಸ, 10 ನಿಮಿಷ ವಿರಾಮ. ವಿರಾಮದಲ್ಲಿ ಎದ್ದು ಓಡಾಡಬೇಕು, ಫೋನ್ ನೋಡಿದರೆ ಅದು ವಿರಾಮವಲ್ಲ.

ಮನೆಯಲ್ಲಿ ಅಡ್ಡಿ ಬಂದೇ ಬರುತ್ತದೆ. ಅಡ್ಡಿಗಿಂತ ಹೆಚ್ಚು ನಷ್ಟ ಮಾಡುವುದು, ಬಿಟ್ಟುಬಂದ ಕೆಲಸದ ಒಂದು ಎಳೆ ಮನಸ್ಸಿಗೆ ಅಂಟಿಕೊಂಡೇ ಇರುವುದು. ಸೋಫಿ ಲೆರಾಯ್ 2009ರಲ್ಲಿ ಇದನ್ನು ‘ಗಮನದ ಶೇಷ’ ಎಂದು ಹೆಸರಿಸಿದರು. ಎದ್ದು ಹೋಗುವ ಮುನ್ನ 20 ಸೆಕೆಂಡು ತೆಗೆದುಕೊಂಡು ‘ಎಲ್ಲಿ ಬಿಟ್ಟೆ, ಬಂದ ಮೇಲೆ ಮೊದಲು ಏನು’ ಎಂದು ಒಂದು ಸಾಲು ಗೀಚಿ. ಅಡ್ಡಿಗಳಿಗೆ ಮುಂಚೆಯೇ ‘ಹೀಗಾದರೆ ಹಾಗೆ’ ಎಂಬ ವಾಕ್ಯ ಸಿದ್ಧವಿರಲಿ: ‘ಕಾಲಿಂಗ್ ಬೆಲ್ ಆದರೆ, ಸಾಲು ಬರೆದು ಏಳುತ್ತೇನೆ.’ ಪೀಟರ್ ಗೋಲ್‌ವಿಟ್ಸರ್ ತೋರಿಸಿಕೊಟ್ಟಂತೆ, ‘ಗಮನವಿಟ್ಟು ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ಹೀಗೆ ಸಮಯ ಸಂದರ್ಭ ಕಟ್ಟಿದ ವಾಕ್ಯ ಹೆಚ್ಚು ಸಲ ಕಾರ್ಯರೂಪಕ್ಕೆ ಬರುತ್ತದೆ.

ವಿಡಿಯೊ ಕಾಲ್‌ಗಳ ಸುಸ್ತಿಗೆ ಜೆರೆಮಿ ಬೈಲೆನ್‌ಸನ್ 2021ರಲ್ಲಿ ನಾಲ್ಕು ಕಾರಣ ಮುಂದಿಟ್ಟರು: ಎಡೆಬಿಡದ ಹತ್ತಿರದ ಕಣ್ಣೋಟ, ತನ್ನ ಮುಖವನ್ನೇ ನೋಡುತ್ತಿರುವುದು, ಕದಲದೆ ಕೂರುವುದು, ಸಹಜವಾಗಿ ತಿಳಿಯುತ್ತಿದ್ದ ಸನ್ನೆಗಳನ್ನು ಕಷ್ಟಪಟ್ಟು ಓದುವುದು. ಪರಿಹಾರ ಆ ಕಾರಣಗಳಲ್ಲೇ ಇದೆ. ನಿಮ್ಮ ಮುಖದ ಚೌಕವನ್ನು ಮರೆಮಾಡಿ, ವಿಡಿಯೊದ ಕಿಟಕಿಯನ್ನು ಕಂಪ್ಯೂಟರ್ ಪರದೆಯ ಕಾಲು ಭಾಗಕ್ಕೆ ಕುಗ್ಗಿಸಿ, ಇಬ್ಬರೇ ಇದ್ದರೆ ಫೋನಿನಲ್ಲಿ ನಡೆದಾಡುತ್ತ ಮಾತಾಡಿ, ಅರ್ಧ ಗಂಟೆಯ ಮೀಟಿಂಗನ್ನು 25 ನಿಮಿಷಕ್ಕೆ ಇಳಿಸಿ.

ದಿನವನ್ನು ಮುಗಿಸುವುದೂ ಒಂದು ಕೆಲಸ. ಮೊದಲು ಬಸ್ಸಿನ ಪ್ರಯಾಣ ಅದನ್ನು ಮಾಡುತ್ತಿತ್ತು. ಈಗ 15 ನಿಮಿಷದ ಬದಲಿ ಬೇಕು: ನಾಳಿನ ಮೂರು ಕೆಲಸ ಬರೆದು, ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೆ ಕಾಣದ ಕಡೆ ಇಟ್ಟು, ಬಟ್ಟೆ ಬದಲಿಸಿ, ಮನೆಯ ಸುತ್ತ ಒಂದು ಸುತ್ತು. ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಮಧ್ಯಾಹ್ನ ಎರಡರ ಮೇಲೆ ಕುಡಿದರೆ ರಾತ್ರಿಯ ನಿದ್ದೆ, ನಾಳೆಯ ಕೆಲಸ ಎರಡಕ್ಕೂ ಪೆಟ್ಟು.

ಮನೆಯಿಂದ ಕೆಲಸ ಸಾಧ್ಯವಿಲ್ಲದವರಿಗೆ

ನರ್ಸ್, ಬ್ಯಾಂಕಿನ ಕೌಂಟರಿನವರು, ಡೆಲಿವರಿ ಹುಡುಗರು, ಇವರ ಕೆಲಸದಲ್ಲಿ ಮುಖಭಾವವೂ ಸಂಬಳದ ಭಾಗ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ‘ಭಾವನಾತ್ಮಕ ದುಡಿಮೆ’ ಎಂದು ಕರೆದರು. ಒಳಗೆ ಹೆದರಿಕೆ, ಹೊರಗೆ ನಗು, ದಿನವಿಡೀ ಹೀಗೆ ನಟಿಸಿದರೆ ಮೈಮುರಿದ ದುಡಿಮೆಯಷ್ಟೇ ದಣಿವು. ಮಾಸ್ಕ್ ಬಾಯಿಯನ್ನು ಮುಚ್ಚುವುದರಿಂದ ನಗುವೂ ಎದುರಿನವರಿಗೆ ಕಾಣುವುದಿಲ್ಲ. ಅದನ್ನು ಮಾತಿನಲ್ಲೇ ಹೇಳಿಬಿಡಿ: ‘ಸ್ವಲ್ಪ ಹೊತ್ತು ಕಾಯಬೇಕಾಗುತ್ತೆ ಅಮ್ಮ, ನಿಮ್ಮದನ್ನು ಮರೆತಿಲ್ಲ.’ ಇಬ್ಬಿಬ್ಬರು ಜೋಡಿಯಾಗಿ. ಶಿಫ್ಟಿಗೆ ಮುನ್ನ ಮತ್ತು ನಂತರ 5 ನಿಮಿಷ, ಒಬ್ಬರು ಹೇಳುವುದು, ಇನ್ನೊಬ್ಬರು ಸಲಹೆ ಕೊಡದೆ ಕೇಳುವುದು. ಈ ಐದು ನಿಮಿಷ ಇಲ್ಲದಿದ್ದರೆ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಅದು ಮನೆಯವರ ಮೇಲೆ ತಿರುಗುತ್ತದೆ.

ಹಂತ 5: ತಂಡ ನಡೆಸುವವರು ಮಾಡಬೇಕಾದ್ದು

ಮೇಲಿನ ನಾಲ್ಕೂ ಹಂತಗಳನ್ನು ನೌಕರ ಚಾಚೂತಪ್ಪದೆ ಮಾಡಿದರೂ ಮ್ಯಾನೇಜರ್ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದರೆ ಎಲ್ಲ ನೀರಿನಲ್ಲಿ ಹೋಮ. ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದಂತೆ ಅತಿ ಹೆಚ್ಚು ಬಳಲಿಸುವುದು ಬೇಡಿಕೆ ಹೆಚ್ಚಿದ್ದು ಹಿಡಿತ ಕಡಿಮೆಯಿರುವ ಕೆಲಸ. ಬೇಡಿಕೆ ಇಳಿಸಲು ನಿಮಗೆ ಅಧಿಕಾರವಿಲ್ಲದಿದ್ದರೆ ಹಿಡಿತವನ್ನಾದರೂ ಬಿಟ್ಟುಕೊಡಿ: ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಮಾಡಬೇಕೆಂಬುದು ಅವರ ಆಯ್ಕೆ. ಮೌಸ್ ಅಲುಗುತ್ತಿದೆಯೇ ಎಂದು ನೋಡುವ ತಂತ್ರಾಂಶ ಆ ಹಿಡಿತವನ್ನು ಕಿತ್ತುಕೊಳ್ಳುತ್ತದೆ. ಫಲವಾಗಿ ಮೌಸ್ ಅಲುಗುತ್ತದೆ, ಕೆಲಸ ಅಲುಗುವುದಿಲ್ಲ.

ವಾರಕ್ಕೊಮ್ಮೆ ಪ್ರತಿಯೊಬ್ಬರೊಡನೆ 15 ನಿಮಿಷ ಮಾತಾಡಿ, ಸ್ಟೇಟಸ್ ಕೇಳಲು ಅಲ್ಲ. ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೀನಿ ಸರ್’ ಎಂಬ ಉತ್ತರ ಗ್ಯಾರಂಟಿ. ಅದರ ಬದಲು: ‘ಈ ವಾರ ಯಾವ ಕೆಲಸ ಅತಿ ಭಾರ ಅನ್ನಿಸಿತು? ಯಾವುದನ್ನು ನಾನು ತೆಗೆದುಹಾಕಬಹುದು?’ ಮೊದಲು ನಿಮ್ಮದನ್ನೇ ಹೇಳಿ: ‘ಮಂಗಳವಾರ ನನಗೂ ಏನೂ ಓಡಲಿಲ್ಲ, ರಿಪೋರ್ಟ್ ಬುಧವಾರಕ್ಕೆ ಹಾಕಿದೆ.’ ಬಾಸ್ ಬಾಯಿ ಬಿಟ್ಟ ಮೇಲೆಯೇ ಉಳಿದವರ ಬಾಯಿ ಬಿಡುವುದು.

ಮನೆಯಲ್ಲಿ ಸಾವಾದವರಿಗೆ ‘ಏನಾದರೂ ಸಹಾಯ ಬೇಕಿದ್ದರೆ ಹೇಳಿ’ ಎನ್ನಬೇಡಿ. ಏನು ಬೇಕೆಂದು ಯೋಚಿಸುವ ಭಾರವೂ ಅವರ ತಲೆಗೇ ಬೀಳುತ್ತದೆ. ‘ಗುರುವಾರದ್ದು ನಾನು ನೋಡಿಕೊಳ್ತೀನಿ, ನೀವು ಇತ್ತ ತಲೆ ಹಾಕಬೇಡಿ. ಸೋಮವಾರ ಸಂಜೆ ಫೋನ್ ಮಾಡ್ತೀನಿ, ಎತ್ತಲೇಬೇಕು ಅಂತಿಲ್ಲ’ ಎನ್ನಿ. ‘ಗಟ್ಟಿ ಮನಸ್ಸು ಮಾಡಿಕೊಳ್ಳಿ’ ಎಂಬುದನ್ನು ಬಿಟ್ಟೇಬಿಡಿ.

ಈ ವಿಧಾನ ಸಾಲದ ಸಂದರ್ಭಗಳು

ಬರ್ನ್‌ಔಟ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ವಿವರಿಸಿತು. ಲಕ್ಷಣ ಮೂರು: ಬಸವಳಿಕೆ, ಕೆಲಸದ ಬಗ್ಗೆ ಹೇಸಿಗೆ ಅಥವಾ ದೂರ ನಿಲ್ಲುವಿಕೆ, ಏನೂ ಸಾಧಿಸುತ್ತಿಲ್ಲವೆಂಬ ಭಾವ. ಮೂರೂ ಇದ್ದರೆ ನೋಟ್‌ಬುಕ್ಕಿನಿಂದ ಆಗುವುದು ಕಡಿಮೆ, ಕೆಲಸದ ಪ್ರಮಾಣವೇ ಬದಲಾಗಬೇಕು. ಎರಡು ವಾರ ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರನ್ನು ಅಥವಾ ಮನೋವೈದ್ಯರನ್ನು ಕಾಣಿ. ಬದುಕು ಬೇಡವೆಂಬ ಯೋಚನೆ ಬಂದರೆ ಎರಡು ವಾರ ಕಾಯುವ ಮಾತಿಲ್ಲ, ಅದೇ ದಿನ ನಂಬಿಕೆಯವರೊಬ್ಬರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಇನ್ನೊಂದು, ಸೋಂಕಿನಿಂದ ಎದ್ದವರ ಸುಸ್ತು. ಕೋವಿಡ್ ನಂತರ ಕೆಲವರಲ್ಲಿ ಆಯಾಸ, ಏದುಸಿರು, ತಲೆ ಮಂಕಾಗುವಿಕೆ ತಿಂಗಳುಗಟ್ಟಲೆ ಉಳಿಯುತ್ತವೆ. ಇವತ್ತು ಹೆಚ್ಚು ದುಡಿದು ನಾಳೆ ನಾಡಿದ್ದು ನೆಲಕಚ್ಚುವಂತಾದರೆ ಹಂತ 4ರ ‘ಹತ್ತು ಭಾಗ ಏರಿಸಿ’ ಎಂಬ ಸೂಚನೆ ನಿಮಗಲ್ಲ. ಸುಸ್ತಾಗುವ ಮೊದಲೇ ನಿಲ್ಲಿಸುವುದು ನಿಮ್ಮ ನಿಯಮ, ಜೊತೆಗೆ ವೈದ್ಯರ ಸಲಹೆ.

ನಾಲ್ಕನೇ ವಾರದ ಕೊನೆಗೆ ನೋಡಬೇಕಾದ್ದು

ಮೊದಲ ವಾರದ 21 ಸಾಲು, ನಾಲ್ಕನೇ ವಾರದ 21 ಸಾಲು ಪಕ್ಕಪಕ್ಕ ಇಡಿ. ತೀವ್ರತೆಯ ಅಂಕೆ ಇಳಿದಿದೆಯೇ ಎಂದು ಎಲ್ಲರೂ ಮೊದಲು ಹುಡುಕುತ್ತಾರೆ. ಪಿಡುಗು ಹೊರಗೆ ನಡೆಯುತ್ತಲೇ ಇದ್ದರೆ ಅದು ಹೆಚ್ಚು ಇಳಿದಿರಲಾರದು. ನೋಡಬೇಕಾದ್ದು ಬೇರೆ ಎರಡು. 7 ದಾಟಿದ ಮೇಲೆ ಮತ್ತೆ ಕೆಲಸಕ್ಕೆ ಕೂರಲು ಎಷ್ಟು ಹೊತ್ತು ಹಿಡಿಯಿತು? ಮೊದಲ ವಾರ ಅರ್ಧ ದಿನ ಹಾಳಾಗುತ್ತಿದ್ದದ್ದು ಈಗ ಒಂದು ಗಂಟೆಯಾಗಿದ್ದರೆ ವಿಧಾನ ಹಿಡಿದಿದೆ. ಎರಡನೆಯದು, ಒಂದೇ ಕಾರಣ ಎಷ್ಟು ಸಲ ಮರಳಿ ಬಂದಿದೆ? ನಾಲ್ಕೂ ವಾರ ಅದೇ ಮೀಟಿಂಗ್, ಅದೇ ಶಿಫ್ಟ್, ಅದೇ ವ್ಯಕ್ತಿಯ ಹೆಸರು ಇದ್ದರೆ ಅದನ್ನು ಎರಡನೇ ಅಂಕಣದಿಂದ ಮೊದಲನೆಯದಕ್ಕೆ ತಂದು, ಪಕ್ಕದಲ್ಲಿ ದಿನಾಂಕ ಹಾಕಿ, ಆ ಹಾಳೆಯನ್ನೇ ಹಿಡಿದು ಮ್ಯಾನೇಜರ್ ಬಳಿ ಮಾತಿಗೆ ಕೂರಿ.